ಕೆರಳುವ ಕರುಳೂ ಇಡಿಯ ಆಹಾರವೂ

ಪರೀಕ್ಷೆಯ ದಿನಗಳು ಹತ್ತಿರವಾದಂತೆ ಹೊಟ್ಟೆಯುಬ್ಬರ, ನುಲಿತ, ಒಮ್ಮೆ ಭೇದಿ, ಇನ್ನೊಮ್ಮೆ ಮಲಬದ್ಧತೆ, ಹೀಗೆ ನರಳುವ ವಿದ್ಯಾರ್ಥಿಗಳು ಕೆಲವರಿದ್ದಾರೆ. ವೈದ್ಯರು ಪರೀಕ್ಷಿಸಿದರೆ ಕರುಳಿನಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣುವುದಿಲ್ಲ. ಆದುದರಿಂದ ಇದನ್ನು ಬರಿಯ ನೆಪವೆಂದು ತಳ್ಳಿಹಾಕುವುದುಂಟು. ಆದರೆ ನೋವು ನಿಜವಾದುದೇ. ಮಿದುಳಿಗೂ ಕರುಳಿಗೂ ನಡುವಣ ನರವ್ಯವಹಾರವು ಏರುಪೇರಾದಾಗ, ಇತರರ ಗಮನಕ್ಕೇ ಬಾರದ ಹಿಗ್ಗುವಿಕೆಯೂ ಇವರಿಗೆ ನೋವಾಗಿ ತೋರುತ್ತದೆ. ಐ.ಬಿ.ಎಸ್. ಎಂಬ ಕೆರಳುವ ಕರುಳಿನ ಬೇನೆಯು ಇದೇ.

ಧಾನ್ಯ, ಕಾಳು, ಹಣ್ಣು, ತರಕಾರಿಗಳನ್ನು ನಯಮಾಡದೆ ಇಡಿಯಾಗಿ ತಿಂದರೆ ಈ ಬೇನೆ ಅಡಗುವುದೇ? ಉತ್ತರಕ್ಕಾಗಿ ಕರುಳಿನೊಳಗೆ ನಡೆಯುವ ಎರಡು ಕ್ರಿಯೆಗಳನ್ನು ನೋಡಬೇಕು.

ಮೊದಲನೆಯದು ಅಭಿಸರಣ. ನೀರಿನಲ್ಲಿ ಹಾಕಿದ ಒಣದ್ರಾಕ್ಷಿಯು ಒಳಗಿನ ಸಕ್ಕರೆಯ ಬಲದಿಂದ ನೀರನ್ನು ಸೆಳೆದು ಉಬ್ಬುವುದಷ್ಟೆ. ಅದೇ ರೀತಿ ಸಣ್ಣ ಕರುಳು ಹೀರಿಕೊಳ್ಳಲಾರದ ಕೆಲವು ಸಕ್ಕರೆಗಳು ನೀರನ್ನು ಕರುಳಿನೊಳಕ್ಕೆ ಸೆಳೆಯುತ್ತವೆ. ಎರಡನೆಯದು ಹುದುಗುವಿಕೆ. ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಕ್ಕುವಂತೆ, ಜೀರ್ಣವಾಗದೆ ಉಳಿದುದನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆದು ಜಲಜನಕ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳನ್ನು ಹೊಮ್ಮಿಸುತ್ತವೆ. ನೀರು, ಅನಿಲಗಳೆರಡೂ ಸೇರಿ ಕರುಳಿನ ಗೋಡೆಯನ್ನು ಹಿಗ್ಗಿಸುತ್ತವೆ. ಹೀಗೆ ಮಾಡುವ ಆಹಾರಾಂಶಗಳಿಗೆ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಸಂಶೋಧಕರು 2005ರಲ್ಲಿ 'ಫಾಡ್‌ಮ್ಯಾಪ್' ಎಂಬ ಹೆಸರನ್ನು ಕೊಟ್ಟರು.

ಇನ್ನು ನಮ್ಮ ಮಂಗಳೂರಿನ ಅಡುಗೆಮನೆಯನ್ನು ನೋಡೋಣ. ಕುಚ್ಚಲಕ್ಕಿಗಾಗಿ ಭತ್ತವನ್ನು ಹೊಟ್ಟುಸಹಿತ ಬೇಯಿಸುವಾಗ ಹೊರಪದರದ 'ಬಿ' ಜೀವಸತ್ತ್ವಗಳಲ್ಲಿ ಕೆಲವಂಶ ಕಾಳಿನೊಳಕ್ಕೆ ಇಳಿಯುತ್ತದೆ. ಅಕ್ಕಿಯ ಪಿಷ್ಟವು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗುವುದರಿಂದ ಸೂಕ್ಷ್ಮಜೀವಿಗಳ ಪಾಲಿಗೆ ಉಳಿಯುವುದು ಅಲ್ಪ. ಆದ್ದರಿಂದ ಬಿಸಿ ಗಂಜಿಯು ಇಂಥ ಕರುಳಿಗೆ ಸಾಮಾನ್ಯವಾಗಿ ಹಿತ. ಹುರುಳಿ, ಅಲಸಂಡೆಗಳೂ ಇಡಿಯ ಆಹಾರಗಳೇ. ಆದರೆ ಅವುಗಳಲ್ಲಿರುವ ರಾಫಿನೋಸ್ ಜಾತಿಯ ಸಕ್ಕರೆಗಳನ್ನು ಮನುಷ್ಯನ ಕರುಳು ಒಡೆಯಲಾರದು. ಕಾಳನ್ನು ನೆನೆಸಿ ಆ ನೀರನ್ನು ಚೆಲ್ಲಿದರೆ ಇವು ಕೊಂಚ ತಗ್ಗುತ್ತವೆ. ಗೋಧಿ, ನೀರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್‌ಗಳಿವೆ. ಇವು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಂದೇ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಎಸಳುಗಳನ್ನು ತೆಗೆದು, ಎಣ್ಣೆಯನ್ನಷ್ಟೇ ಒಗ್ಗರಣೆಗೆ ಬಳಸಿದರೆ ಪರಿಮಳ ದೊರಕುತ್ತದೆ, ಉಪದ್ರವ ತಪ್ಪುತ್ತದೆ.

ನಾರಿನ ವಿಷಯವೂ ಹೀಗೆಯೇ. 1994ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗೋಧಿಯ ತೌಡಿನಿಂದ ಶೇಕಡಾ 55ರಷ್ಟು ರೋಗಿಗಳಿಗೆ ಬೇನೆ ಹೆಚ್ಚಿತು. ಗುಣ ಕಂಡವರು ಶೇಕಡಾ 10 ಮಾತ್ರ. ಆದರೆ ನೀರಿನಲ್ಲಿ ಲೋಳೆಯಾಗುವ ಇಸಬ್‌ಗೋಲಿನ ನಾರು ಉಪಕಾರಿಯೆಂದು ನೆದರ್ಲೆಂಡ್ಸ್‌ನಲ್ಲಿ 275 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿತು.

ಹಾಗೆಂದು ಎಲ್ಲವನ್ನೂ ಬಿಟ್ಟು ಬರಿಯ ಗಂಜಿಯಲ್ಲಿ ಕಾಲಕಳೆಯುವುದು ತರವಲ್ಲ. ಅದರಿಂದ ಪೋಷಣೆ ಕುಂದುತ್ತದೆ. ವೈದ್ಯರ ಸಲಹೆಯಂತೆ ನಾಲ್ಕಾರು ವಾರ ಸಂಶಯದ ಪದಾರ್ಥಗಳನ್ನು ತಗ್ಗಿಸಿ, ಅನಂತರ ಒಂದೊಂದನ್ನೇ ಮರಳಿ ಸೇವಿಸಿ, ಫಲವನ್ನು ಬರೆದಿಡಬೇಕು. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗೀತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇವು ಬೇರೆ ರೋಗಗಳ ಸೂಚನೆಗಳಾಗಿರಬಹುದು. ಆಗ ಅಡುಗೆಮನೆಯ ಪ್ರಯೋಗವನ್ನು ನಿಲ್ಲಿಸಿ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇಡಿಯ ಆಹಾರವು ಒಳ್ಳೆಯದೆಂಬ ಮಾತು ಸುಳ್ಳಲ್ಲ. ಆದರೆ ಕೆರಳುವ ಕರುಳಿಗೆ ಆಹಾರವು ಇಡಿಯಾಗಿದೆಯೇ ಎಂಬುದಕ್ಕಿಂತ, ಅದರಲ್ಲಿ ಏನಿದೆ, ಅದು ಒಳಗೆ ಹೋಗಿ ಏನಾಗುತ್ತದೆ ಎಂಬುದೇ ಮುಖ್ಯ.