ಇಳಿತದ ಹೊತ್ತಿಗೆ ಅಘನಾಶಿನಿಯ ಹಕ್ಕಿಗಳು

ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ತೋರಿಸಲು ಕರೆದೊಯ್ಯುವ ಗೈಡ್ ದಿನ ಗೊತ್ತುಮಾಡುವುದು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬೆಳಗಿನ ಜಾವಕ್ಕೇ ದೂರ ಸರಿದು ಕುಮಟಾ ತಾಲ್ಲೂಕಿನ ತದಡಿ ಸುತ್ತಲಿನ ಕೆಸರೆಲ್ಲ ತೆರೆದುಕೊಳ್ಳುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ವಾರ ಬಿಟ್ಟು ಅದೇ ಹೊತ್ತಿಗೆ ಬಂದರೆ ಕೆಸರಿನ ಮೇಲೆ ನೀರು ನಿಂತಿರುತ್ತದೆ.

ಚಿಕ್ಕಂದಿನಲ್ಲಿ ತಾಯಿಯ ಜೊತೆ ಇಲ್ಲೇ ಬೆಳಚು, ಅಂದರೆ ಚಿಪ್ಪಿಮೀನು, ಹೆಕ್ಕಿದವರು ಇವರು. ಹಕ್ಕಿಯ ಬಣ್ಣ, ಗಾತ್ರ ಆಮೇಲೆ. ಅದು ಹೇಗೆ ಉಣ್ಣುತ್ತದೆ ನೋಡಿ ಎನ್ನುತ್ತಾರೆ. ಓಡಿ, ತಟ್ಟನೆ ನಿಂತು, ಕುಕ್ಕಿ ಮತ್ತೆ ಓಡುವ ಪುಟ್ಟ ಹಕ್ಕಿ ಸ್ಯಾಂಡ್ ಪ್ಲವರ್. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಅದಕ್ಕೆ ಕಣ್ಣೇ ಆಧಾರ. ಕರ್ಲ್ಯೂ ಮಾತ್ರ ಕುಡುಗೋಲಿನಂತೆ ಬಾಗಿದ ಕೊಕ್ಕನ್ನು ಆಳಕ್ಕಿಳಿಸಿ, ಕಾಣದ ಹುಳುವನ್ನು ಕೊಕ್ಕಿನ ತುದಿಯಿಂದಲೇ ತಡವಿ ಹಿಡಿಯುತ್ತದೆ. ಅಷ್ಟು ದೂರದಲ್ಲಿ ಹೆಂಗಸರು ಬೆಳಚಿಗಾಗಿ ಕೈಕಾಲು ಆಡಿಸಿ ಕೆಸರು ತಡವುತ್ತಿರುತ್ತಾರೆ. "ಅಕ್ಕಂದಿರು ಹೆಕ್ಕೋ ಜಾಗದಲ್ಲಿ ಹಕ್ಕಿಗೂ ಊಟ ಅದೆ" ಎನ್ನುವುದು ಇವರ ಲೆಕ್ಕ. ದುರ್ಬೀನು ಕಣ್ಣಿಗಿಡುವ ಮೊದಲು ನಾನೂ ಆ ಹೆಂಗಸರತ್ತ ನೋಡತೊಡಗಿದೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ. ತದಡಿಯಲ್ಲಿ 4,000 ಮೆಗಾವ್ಯಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಜನ ಎದುರು ನಿಂತರು, ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ನಡಿಗೆ ಮುಗಿಯುವುದು ಗಜನಿ ಗದ್ದೆಯ ಒಡ್ಡಿನ ಮೇಲೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲಿ, ಗೊಬ್ಬರವಿಲ್ಲದೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಕೊಳೆಯುವ ಕೂಳೆ ಸಿಗಡಿಗೆ, ಮೀನಿಗೆ ಮೇವು. ಅವನ್ನರಸಿ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಬರುತ್ತವೆ. ಒಡ್ಡು ಒಡೆದ ಕಡೆ ಬೇಸಾಯ ನಿಂತಿದೆ. ರಾಮ್ಸಾರ್ ಫಲಕದ ಜೊತೆಗೆ ಈ ಒಡ್ಡುಗಳಿಗೂ ಹಣ ಬರಬೇಕು. ಕಗ್ಗ ಬೆಳೆಯುವವರು ಉಳಿಯದಿದ್ದರೆ ಈ ಹಕ್ಕಿಗಳ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಮಳೆಗಾಲದಲ್ಲಿ ನಡಿಗೆ ಇಲ್ಲ. ಆಗ ಗೈಡ್ ತಮಗೆ ಉಳಿದಿರುವ ತುಂಡು ಗಜನಿಯಲ್ಲಿ ಕಗ್ಗ ಬಿತ್ತುತ್ತಾರೆ. ಮೊದಲೆಲ್ಲ ಒಡ್ಡಿಗೆ ಮಣ್ಣು ಹಾಕಲು ಮನೆಗೊಬ್ಬರು ಬರುತ್ತಿದ್ದರಂತೆ. ಈಗ ಕೂಲಿ ಕೊಡುತ್ತೇನೆಂದರೂ ಜನ ಸಿಗುವುದಿಲ್ಲ, ಮಗನೂ ಗೋವಾದಲ್ಲಿದ್ದಾನೆ ಎಂದರು.