ನಿಮಗಿದು ಗೊತ್ತೆ? ಟಿಕ್ ಟಿಕ್ ಅನ್ನುತ್ತದೆ, ಹೊತ್ತಿಕೊಳ್ಳದು!

ಆಲೂರು ತಾಲ್ಲೂಕಿನ ಪಾಳ್ಯದ ಕಡೆ ಮಳೆಗಾಲದಲ್ಲಿ ಸೌದೆ ಒದ್ದೆಯಾದರೆ ಬಚ್ಚಲ ಒಲೆ ಬರೀ ಹೊಗೆ ಕಾರುತ್ತದೆ. ಗ್ಯಾಸ್ ಗೀಸರ್ ಇದ್ದವರ ಗೋಳು ಬೇರೆ: ನಲ್ಲಿ ತಿರುಗಿಸಿದರೂ ಉರಿಯೇ ಇಲ್ಲ.

ಟಿಕ್ ಟಿಕ್ ಸದ್ದೂ ಇಲ್ಲವೆ? ಬಹುತೇಕ ಗೀಸರ್‌ಗಳಲ್ಲಿ ಕಿಡಿ ಹಾರಿಸುವುದು ಎರಡು ಟಾರ್ಚ್ ಸೆಲ್, ಒಟ್ಟು 3 ವೋಲ್ಟ್. ತೇವಕ್ಕೆ ಅವುಗಳ ತುದಿ ಕಿಲುಬು ಹಿಡಿದಿರಬಹುದು. ಹೊಸ ಸೆಲ್ ಹಾಕಿದರೂ ಸುಮ್ಮನಿದ್ದರೆ ನೀರಿನ ಟ್ಯಾಂಕ್ ನೋಡಿ. ನೀರಿನ ಒತ್ತಡ ಒಳಗಿನ ರಬ್ಬರ್ ಪೊರೆಯನ್ನು ತಳ್ಳದೆ ಗ್ಯಾಸ್ ಹೊರಬರದು.

ಹೊತ್ತಿದ ಕೆಲವೇ ಕ್ಷಣದಲ್ಲಿ ಆರಿತೆ? ಉರಿಯನ್ನು ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಇಂಥದೇ ಕೆಲಸಕ್ಕೆ ವಿದೇಶಗಳ ಗ್ಯಾಸ್ ಅಗ್ಗಿಷ್ಟಿಕೆಗಳಲ್ಲಿ ಸದಾ ಉರಿಯುವ ಪುಟ್ಟ ಪೈಲಟ್ ದೀಪಕ್ಕೆ ಥರ್ಮೋಕಪಲ್ ಎಂಬ ಕಾವಲುಗಾರನಿದ್ದಾನೆ. ಎರಡು ಲೋಹಗಳ ಬೆಸುಗೆ ಕಾದಾಗ ಹುಟ್ಟುವ ಸುಮಾರು 30 ಮಿಲಿವೋಲ್ಟೇ ಅನಿಲದ ಬಾಗಿಲನ್ನು ತೆರೆದು ಹಿಡಿಯುತ್ತದೆ! ಇದು 1821ರಲ್ಲಿ ವಿಜ್ಞಾನಿ ಸೀಬೆಕ್ ಕಂಡ ವಿದ್ಯಮಾನ.

ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಚಳಿಯೆಂದು ಬಚ್ಚಲ ಕಿಟಕಿ ಮುಚ್ಚುವುದಂತೂ ಬೇಡವೇ ಬೇಡ. ಗಾಳಿಯಾಡದೆ ಗ್ಯಾಸ್ ಉರಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.