ಕರುಳಿನ ಬಿಸಿಯನ್ನು ಓದುವ ಕ್ಯಾಮೆರಾ

ಕರುಳಿನ ರೋಗಪೀಡಿತ ಭಾಗವನ್ನು ಕತ್ತರಿಸಿ ತೆಗೆಯುವುದಕ್ಕಿಂತ, ಉಳಿದ ಎರಡು ತುದಿಗಳನ್ನು ಎಲ್ಲಿ ಜೋಡಿಸಬೇಕೆಂದು ನಿರ್ಧರಿಸುವುದು ಶಸ್ತ್ರಚಿಕಿತ್ಸಕನಿಗೆ ಹೆಚ್ಚು ಕಷ್ಟದ ಕೆಲಸ. ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅಂಚಿಗೆ ಸಾಕಷ್ಟು ರಕ್ತ ಹರಿಯದಿದ್ದರೆ ಅದು ಕೂಡಿಕೊಳ್ಳುವುದಿಲ್ಲ. ಕೆಲವೇ ದಿನಗಳಲ್ಲಿ ಜೋಡಣೆ ಬಿಟ್ಟುಕೊಂಡು ಮಲ ಹೊಟ್ಟೆಯೊಳಗೆ ಸೋರತೊಡಗಬಹುದು. ಆಮೇಲೆ ಮತ್ತೊಂದು ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕದ ವಾಸ, ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲ, ಕೆಲವರಿಗೆ ಸಾವು. ದುಡಿದು ತರುವವನೇ ಹೀಗೆ ಹಾಸಿಗೆ ಹಿಡಿದರೆ ಬಡ ಕುಟುಂಬವೊಂದು ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ರಕ್ತ ಹರಿಯುತ್ತಿದೆಯೇ ಎಂದು ತಿಳಿಯಲು ನಮಗಿರುವ ಸಾಧನಗಳು ಹಳೆಯವು. ಕರುಳಿನ ಬಣ್ಣ ಗುಲಾಬಿಯಾಗಿದೆಯೇ, ಮುಟ್ಟಿದರೆ ಮಿಸುಕುತ್ತದೆಯೇ, ಅದನ್ನು ಹಿಡಿದಿರುವ ಪೊರೆಯಲ್ಲಿ ನಾಡಿ ಮಿಡಿಯುತ್ತಿದೆಯೇ, ಕತ್ತರಿಸಿದ ಅಂಚಿನಲ್ಲಿ ಕೆಂಪು ರಕ್ತ ಜಿನುಗುತ್ತದೆಯೇ? ಸಂಶಯವಿದ್ದರೆ ಬೆಚ್ಚನೆಯ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕೆಲವು ನಿಮಿಷ ಕಾಯುತ್ತೇವೆ. ನಾನು ಕಲಿತದ್ದೂ ಕಿರಿಯರಿಗೆ ಹೇಳಿಕೊಟ್ಟದ್ದೂ ಇದನ್ನೇ. ಆದರೆ ಜೋಡಣೆ ಸೋರುವುದೋ ಇಲ್ಲವೋ ಎಂಬ ಶಸ್ತ್ರಚಿಕಿತ್ಸಕರ ಅಂದಾಜು ನಂಬಲರ್ಹವಲ್ಲವೆಂದು 2009ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ತೋರಿಸಿತು. ಅನುಭವಕ್ಕೊಂದು ಆಸರೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆ ಆಸರೆಯಾಗಬಲ್ಲದೆಂದು ಪರೀಕ್ಷೆಗೊಳಗಾಗಿರುವ ಉಪಾಯಗಳಲ್ಲಿ ಥರ್ಮಲ್ ಕ್ಯಾಮೆರಾವೂ ಒಂದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಅಶ್ರಗ ಮತ್ತು ಉಷ್ಣಮಾಪಕಗಳ ನೆರವಿನಿಂದ ಗುರುತಿಸಿದ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಇಂಥ ಕಿರಣಗಳನ್ನು ಸೂಸುತ್ತದೆ. ಕ್ಯಾಮೆರಾ ಅದನ್ನು ಬಣ್ಣದ ಚಿತ್ರವಾಗಿಸುತ್ತದೆ. 2020ರ ಕೋವಿಡ್ ದಿನಗಳಲ್ಲಿ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಜ್ವರ ಹುಡುಕಿದ್ದು ಇದೇ ತತ್ವದ ಯಂತ್ರ. ಕರುಳಿಗೆ ಬಿಸಿಯನ್ನು ತಂದುಕೊಡುವುದು ರಕ್ತ. ತಣ್ಣನೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೊಟ್ಟೆ ತೆರೆದಾಗ, ರಕ್ತನಾಳ ಕಟ್ಟಿಹೋದ ಭಾಗ ಪಕ್ಕದ ಭಾಗಕ್ಕಿಂತ ಬೇಗ ತಣಿಯುತ್ತದೆ. ಚುಚ್ಚುಮದ್ದು ಬೇಡ, ಬಣ್ಣದ ದ್ರವ ಬೇಡ, ವಿಕಿರಣದ ಭಯವಿಲ್ಲ. ಮೊಬೈಲ್ ಫೋನಿಗೆ ಸಿಕ್ಕಿಸುವಷ್ಟು ಚಿಕ್ಕ ಕ್ಯಾಮೆರಾಗಳೂ ಈಗ ಬಂದಿವೆ. ದುಬಾರಿ ಉಪಕರಣಗಳಿಲ್ಲದ ಜಿಲ್ಲಾ ಆಸ್ಪತ್ರೆಗಳನ್ನು ನೆನೆದಾಗ ಇದರ ಆಕರ್ಷಣೆ ಸಹಜವಾದುದೇ.

ಆಕರ್ಷಣೆ ಬೇರೆ, ಪುರಾವೆ ಬೇರೆ. ಈ ಕ್ಯಾಮೆರಾ ನೋಡುವುದು ಮೇಲ್ಮೈಯ ಬಿಸಿಯನ್ನು ಮಾತ್ರ. ಒದ್ದೆ ಕರುಳು ಆವಿಯಿಂದಲೇ ತಣಿಯುತ್ತದೆ. ರಕ್ತವಿಲ್ಲದ ತುಂಡು ಪಕ್ಕದ ಬಿಸಿ ಕರುಳಿಗೆ ಒತ್ತಿಕೊಂಡಿದ್ದರೆ ಬೆಚ್ಚಗೇ ಕಾಣಬಹುದು. ಸಂಶಯ ಬಂದಾಗ ನಾವು ಸುತ್ತುವ ಬೆಚ್ಚನೆಯ ಬಟ್ಟೆಯೇ ಚಿತ್ರವನ್ನು ಕೆಡಿಸುತ್ತದೆ. ಇನ್ನೊಂದು ತೊಡಕು: ದೇಹದ ಶಾಖ ಹೊರಸೂಸುವ ದೀರ್ಘ ತರಂಗದ ಅವಕೆಂಪು ಕಿರಣಗಳು ಸಾಮಾನ್ಯ ಗಾಜಿನ ಮೂಲಕ ಹಾಯುವುದಿಲ್ಲ. ಆದ್ದರಿಂದ ಗಾಜಿನ ಮಸೂರಗಳಿರುವ ಈಗಿನ ಲ್ಯಾಪರೊಸ್ಕೋಪಿಗೆ ಅದನ್ನು ನೇರವಾಗಿ ಅಳವಡಿಸಲಾಗದು. ಜರ್ಮೇನಿಯಂನಂಥ ವಸ್ತುವಿನ ಮಸೂರ ಬೇಕಾಗುತ್ತದೆ.

ಥರ್ಮಲ್ ಕ್ಯಾಮೆರಾಕ್ಕಿಂತ ಬಹಳ ಮುಂದೆ ಸಾಗಿರುವ ಇನ್ನೊಂದು ವಿಧಾನದ ಕಥೆ ಇಲ್ಲಿ ಪಾಠವಾಗಬೇಕು. 1959ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಡೋಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ ರಕ್ತ ಹರಿಯುವ ಕರುಳು ಹೊಳೆಯುತ್ತದೆ. ಎಲ್ಲಿ ಕತ್ತರಿಸಬೇಕೆಂಬ ನಿರ್ಧಾರವನ್ನು ಈ ಹೊಳಪು ಎಷ್ಟೋ ಸಲ ಬದಲಿಸಿದೆ. ಆದರೂ 2021ರಲ್ಲಿ ಪ್ರಕಟವಾದ, ಸಾಕಷ್ಟು ರೋಗಿಗಳು ಸೇರದೆ ಮೊದಲೇ ನಿಂತ ಅಮೆರಿಕದ ಪ್ರಯೋಗವೊಂದರಲ್ಲಿ ಸೋರಿಕೆ ಬಣ್ಣ ಬಳಸಿದವರಲ್ಲಿ ಶೇ 9.0, ಬಳಸದವರಲ್ಲಿ ಶೇ 9.6. ವ್ಯತ್ಯಾಸ ಇಲ್ಲವೆನ್ನುವಷ್ಟೇ. ಗುದನಾಳದ ಕ್ಯಾನ್ಸರ್ ರೋಗಿಗಳ ಮೇಲೆ ಜಪಾನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಾದರೋ ಸೋರಿಕೆ ಶೇ 11.8ರಿಂದ ಶೇ 7.6ಕ್ಕೆ ಇಳಿಯಿತು. ಚೆನ್ನಾಗಿ ಕಂಡ ಮಾತ್ರಕ್ಕೆ ಎಲ್ಲೆಡೆ, ಎಲ್ಲರಿಗೂ ಫಲ ಒಂದೇ ಆಗದು. ಜೋಡಣೆ ಬಿಡಲು ರಕ್ತದ ಕೊರತೆಯಲ್ಲದೆ ಧೂಮಪಾನ, ಅಪೌಷ್ಟಿಕತೆ, ಜೋಡಣೆಯ ಮೇಲಿನ ಸೆಳೆತ ಇತ್ಯಾದಿ ಕಾರಣಗಳೂ ಇವೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಅಗ್ಗವಾಗಿದೆ ಎಂಬ ಕಾರಣಕ್ಕೆ ಸರ್ಕಾರ ಇಂಥ ಕ್ಯಾಮೆರಾಗಳನ್ನು ಸಗಟಾಗಿ ಕೊಳ್ಳಬಾರದು. ಆಟಿಕೆ ಎಂದು ವೈದ್ಯರು ಅದನ್ನು ಬದಿಗೆ ತಳ್ಳಲೂಬಾರದು. ನಮ್ಮ ವೈದ್ಯಕೀಯ ಕಾಲೇಜುಗಳು ಎಂಜಿನಿಯರುಗಳೊಡನೆ ಕೂಡಿ, ನೈತಿಕ ಸಮಿತಿಗಳ ಒಪ್ಪಿಗೆ ಪಡೆದು, ಕತ್ತರಿಸಿ ತೆಗೆಯಲಿರುವ ಕರುಳಿನ ಮೇಲೆ ಮೊದಲು ಇದನ್ನು ಅಳೆದು ನೋಡಲಿ. ಕೊಠಡಿಯ ಉಷ್ಣತೆ, ಕಾಯುವ ಅವಧಿ, ಕ್ಯಾಮೆರಾದ ದೂರ ಇವನ್ನೆಲ್ಲ ನಿಗದಿಪಡಿಸಲಿ. ಆಮೇಲೆ ಸೋರಿಕೆ ನಿಜಕ್ಕೂ ತಗ್ಗುತ್ತದೆಯೇ ಎಂದು ಎಣಿಸಲಿ. ಫಲಿತಾಂಶ ನಿರಾಶಾದಾಯಕವಾದರೂ ಪ್ರಕಟಿಸಲಿ. ಸರ್ಕಾರಿ ವಾರ್ಡಿನ ರೋಗಿಗೂ ಪರೀಕ್ಷಿಸಿ ಒಪ್ಪಿದ ಸಾಧನವೇ ಸಿಗಬೇಕು.